ರಾಣಿಪುರಂ ಕಡೆ ಹಾವಸೆ ಸಮೀಕ್ಷೆ: ಚೌಕ ಹಾಕುವುದೋ, ತಾಣ ಅರಸುವುದೋ?

ಹಾವಸೆ ಮತ್ತು ಅದರ ಹತ್ತಿರದ ಬಳಗದ ಕಿರುಸಸ್ಯಗಳಾದ ಲಿವರ್‌ವರ್ಟ್‌ಗಳ ಸಮೀಕ್ಷೆಗೆ ಹೊರಟವರು ಮೊದಲು ವಿಚಾರಿಸುವುದು ಲೆನ್ಸಿನ ಬೆಲೆಯನ್ನು. ಲೆನ್ಸು ಆಮೇಲಿನ ಮಾತು. ಗುಡ್ಡದಲ್ಲಿ ಎಲ್ಲೆಲ್ಲಿ ಬಗ್ಗಿ ನೋಡಬೇಕೆಂದು ತೀರ್ಮಾನಿಸುವುದು ಅಳತೆಪಟ್ಟಿಯೋ ಕಣ್ಣೋ ಎಂಬುದರ ಮೇಲೆ ಕೊನೆಗೆ ಕೈಗೆ ಬರುವ ಪಟ್ಟಿ ನಿಂತಿದೆ. ನಾವು ಪಕ್ಕಪಕ್ಕ ಇಟ್ಟು ನೋಡಿದ ಕ್ರಮಗಳು ಮೂರು: ಅಳೆದ ಚೌಕ, ತಾಣ ಹುಡುಕಾಟ, ಗೆರೆ ನಡಿಗೆ. ಜಾಗಗಳು ಕಾಸರಗೋಡು ಜಿಲ್ಲೆಯ ಪನತ್ತಡಿ ಪಂಚಾಯತಿನ ರಾಣಿಪುರಂ, ಧರ್ಮತ್ತಡ್ಕ ಕಡೆಯ ಪೊಸಡಿಗುಂಪೆ, ತಪ್ಪಲಿನ ತೋಡು, ತೋಟ, ಬನಗಳು. ರಾಣಿಪುರಂನ ತುದಿ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ. ಶೋಲಾ ಕಾಡು (ಬೆಟ್ಟದ ಮಡಿಲುಗಳಲ್ಲಿ ಬೆಳೆಯುವ ಕುಳ್ಳು ನಿತ್ಯಹಸಿರು ಕಾಡು), ಹುಲ್ಲುಗುಡ್ಡ ಎರಡೂ ಅಲ್ಲಿವೆ. ಪೊಸಡಿಗುಂಪೆ ಅದಕ್ಕಿಂತ ಬಹಳ ತಗ್ಗು.

ಚೌಕದ ಕ್ರಮ ಹೀಗೆ. 10×10 ಮೀಟರಿಗೆ ಹಗ್ಗ ಕಟ್ಟಬೇಕು. ಅದರೊಳಗೆ ಎದೆಮಟ್ಟದಲ್ಲಿ 30 ಸೆಂ.ಮೀ. ಸುತ್ತಳತೆ ದಾಟಿದ ಮರಗಳಿಂದ ಐದನ್ನು ಚೀಟಿ ಎತ್ತಿ ಆರಿಸಬೇಕು. ಪ್ರತಿ ಮರದಲ್ಲಿ ಬುಡದ 30 ಸೆಂ.ಮೀ. ಒಳಗೊಮ್ಮೆ, 130 ಸೆಂ.ಮೀ. ಎತ್ತರದಲ್ಲೊಮ್ಮೆ, ನೈಋತ್ಯ ಮತ್ತು ಈಶಾನ್ಯ ಎರಡೂ ಮುಖಗಳಲ್ಲಿ ಸಣ್ಣ ಚೌಕ ಇಡಬೇಕು. ಮರಕ್ಕೆ ನಾಲ್ಕು, ಒಟ್ಟು ಇಪ್ಪತ್ತು. ಎರಡು ಮುಖ ಏಕೆಂದರೆ ಮುಂಗಾರಿನ ಎರಚಲು ನೈಋತ್ಯದಿಂದ ಬೀಳುತ್ತದೆ; ಒಂದೇ ಮರದ ಎರಡು ಮಗ್ಗುಲಲ್ಲಿ ಬೇರೆ ಬೇರೆ ಜಾತಿ ಸಿಗುವುದು ಇಲ್ಲಿ ಮಾಮೂಲು.

ಸಣ್ಣ ಚೌಕಕ್ಕೆ ಮರದ್ದೋ ಪೈಪಿನದ್ದೋ ಚೌಕಟ್ಟು ಮಾಡಿದರೆ ಗುಂಡಗಿನ ಕಾಂಡದ ಮೇಲೆ ಅಂಚು ಎದ್ದು ನಿಂತು ಅಳತೆ ಕೆಡುತ್ತದೆ. ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಅಳಿಸದ ಮಾರ್ಕರಿನಿಂದ 10×10 ಸೆಂ.ಮೀ. ಬರೆದು, ಒಳಗೆ ಒಂದೊಂದು ಸೆಂ.ಮೀ.ನ ಮನೆ ಹಾಕಿದರೆ ಸಾಕು. ಹಾಳೆ ಕಾಂಡಕ್ಕೆ ಬಾಗುತ್ತದೆ, ನೂರು ಮನೆಗಳಲ್ಲಿ ತುಂಬಿದ್ದನ್ನು ಎಣಿಸಿದರೆ ಅದೇ ಶೇಕಡಾವಾರು ಹರವು.

ಈ ಕ್ರಮದ ಬಲ ಇರುವುದು ಮರುಭೇಟಿಯಲ್ಲಿ. ಅದೇ ಮರ, ಅದೇ ಎತ್ತರ, ಅದೇ ಮುಖ. ಐದು ವರ್ಷ ಬಿಟ್ಟು ಬೇರೆಯವರು ಬಂದು ಅಳೆದರೂ ಹೋಲಿಸಬಹುದು. ದುಡಿದವರು ಯಾರು ಎಂಬುದರಿಂದ ಫಲ ಅಷ್ಟಾಗಿ ಬದಲಾಗುವುದಿಲ್ಲ. ಆದರೆ ಪಟ್ಟಿ ಮಾಡಲು ಇದು ಕೆಟ್ಟ ಸಾಧನ, ಕಾಸರಗೋಡಿನಂಥ ನೆಲದಲ್ಲಂತೂ ಇನ್ನೂ ಕೆಟ್ಟದ್ದು. ಈ ಸಸ್ಯಗಳಿಗೆ ಬೇಕಾದ್ದು ಎಕರೆಗಟ್ಟಲೆ ಕಾಡಲ್ಲ, ಅಂಗೈಯಗಲದ ಸರಿಯಾದ ಜಾಗ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ಬಾಯಿಯ ಮುರಕಲ್ಲು ಗೋಡೆಯ ಮಬ್ಬು ಬೆಳಕಿನಲ್ಲಿ ಹಳದಿ ಹಸಿರಾಗಿ ಮಿನುಗುವ ಸಯಾಥೋಡಿಯಂ, ಕೊಯ್ಲಾದ ಗದ್ದೆಯ ಹಸಿ ಮಣ್ಣಿನ ರಿಕ್ಸಿಯಾ ಮತ್ತು ನೊಟೋಥೈಲಾಸ್, ತೋಡಿನ ಮೇಲೆ ಬಾಗಿದ ಪೊದೆಯ ಎಲೆಗಳಿಗೇ ಅಂಟಿಕೊಂಡ ಕೊಲೊಲೆಜೂನಿಯಾ, ತೆಂಗಿನ ಕಾಂಡದ ಬಿಳಿಚು ಹಸಿರು ಆಕ್ಟೋಬ್ಲೆಫಾರಂ, ಒದ್ದೆ ಕಟ್ಟೆಯ ಹಯೋಫಿಲಾ: ಇವುಗಳಲ್ಲಿ ಒಂದಾದರೂ ಕಾಡಿನೊಳಗಿನ ಹಗ್ಗದ ಚೌಕಕ್ಕೆ ತಾನಾಗಿ ಬಂದು ಬೀಳುವುದು ಅದೃಷ್ಟದ ಮಾತು.

ತಾಣ ಹುಡುಕಾಟಕ್ಕೆ ಹೊರಡುವ ಮೊದಲು ಮನೆಯಲ್ಲೇ ತಾಣಗಳ ಪಟ್ಟಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಕಾಲು ದಾರಿ ಬಿಟ್ಟು ಹೋಗುವುದಿಲ್ಲ. ಈ ಕಡೆಗೆ ನಾವು ಇಟ್ಟುಕೊಂಡ ಪಟ್ಟಿ: ಮರದ ಬುಡ, ನಡು ಕಾಂಡ, ಬಿದ್ದ ಕೊಂಬೆ (ಮೇಲ್ಛಾವಣಿಯ ಜಾತಿಗಳು ಸಿಗುವುದು ಇದರಲ್ಲೇ, ಮರ ಹತ್ತಬೇಕಿಲ್ಲ), ಕೊಳೆಯುವ ಮರದ ತುಂಡು, ಜೀವಂತ ಎಲೆ, ತೋಡಿನ ನಡುವಿನ ಕಲ್ಲು, ನೀರು ಜಿನುಗುವ ಬಂಡೆ, ದಾರಿ ಕಡಿದ ಮಣ್ಣಿನ ದರೆ, ಮುರಕಲ್ಲು ಪಾರೆಯ ಹೊಂಡ, ಸುರಂಗದ ಬಾಯಿ, ಗದ್ದೆ, ತೆಂಗು ಮತ್ತು ಅಡಿಕೆ ಕಾಂಡ. ಒಂದೊಂದಕ್ಕೆ ಇಪ್ಪತ್ತು ನಿಮಿಷ. ಕೊನೆಯ ಹತ್ತು ನಿಮಿಷದಲ್ಲಿ ಹೊಸ ರೂಪ ಏನೂ ಕಾಣದಿದ್ದರೆ ಎದ್ದು ಮುಂದಿನ ತಾಣಕ್ಕೆ. ಕಂಡ ಪ್ರತಿಯೊಂದಕ್ಕೂ 1, 2, 3 ಎಂದು ಅಂಕ: ಒಂದೇ ಕಡೆ, ಅಲ್ಲಲ್ಲಿ, ಎಲ್ಲೆಡೆ. ಹುಡುಕಿಯೂ ಏನೂ ಸಿಗದ ತಾಣವನ್ನು ಸೊನ್ನೆ ಎಂದು ಬರೆಯಲೇಬೇಕು. ಈ ಸೊನ್ನೆಗಳಿಲ್ಲದ ಪಟ್ಟಿಯನ್ನು ಮುಂದೆ ಯಾವುದರ ಜೊತೆಗೂ ಹೋಲಿಸಲಾಗದು.

ಹುಡುಕಾಟದ ದೌರ್ಬಲ್ಯ ಕಣ್ಣು. ದೊಡ್ಡದು, ಕೋಶವಿರುವುದು (ಬೀಜಕಗಳನ್ನು ಹೊತ್ತ ಪುಟ್ಟ ಸಂಪುಟ), ಜೋತಾಡುವುದು ಬೇಗ ಕಾಣುತ್ತದೆ. ಹಾವಸೆಯ ದಿಂಡಿನೊಳಗೆ ನೂಲಿನಂತೆ ಹರಿದಿರುವ ಲೆಜೂನಿಯಾ ಹೊಸಬರಿಗೆ ಕಾಣುವುದೇ ಇಲ್ಲ. ಇಬ್ಬರು ಒಂದೇ ತಾಣವನ್ನು ಬೇರೆಬೇರೆಯಾಗಿ ನೋಡಿ, ಆಮೇಲೆ ಪಟ್ಟಿ ಸೇರಿಸುವುದು ಇದಕ್ಕೆ ಅರ್ಧ ಮದ್ದು.

ಗೆರೆ ನಡಿಗೆ, ಅಂದರೆ ದಾರಿಗುಂಟ ಇಂತಿಷ್ಟು ಮೀಟರಿಗೊಮ್ಮೆ ನಿಂತು ನೋಡುವುದು, ಬೇಗ ಮುಗಿಯುತ್ತದೆ. ಆದರೆ ಚಾರಣದ ದಾರಿಯೇ ಗೆರೆಯಾದರೆ ಅಳೆಯುವುದು ಕಾಡನ್ನಲ್ಲ, ಕಡಿದ ದರೆಯನ್ನು. ಪೊಗೊನಾಟಂನಂಥ ದರೆಯ ಜಾತಿಗಳು ತುಂಬಿ ಪಟ್ಟಿ ಓರೆಯಾಗುತ್ತದೆ. ಎತ್ತರ ಏರಿದಂತೆ ಏನು ಬದಲಾಗುತ್ತದೆ ಎಂಬುದಷ್ಟೇ ಪ್ರಶ್ನೆಯಾದರೆ ಸರಿ, ಬೇರೆ ಯಾವುದಕ್ಕೂ ನಾವು ಇದನ್ನು ಶಿಫಾರಸು ಮಾಡುವುದಿಲ್ಲ.

ಹಾಗಾಗಿ ನಮ್ಮ ಆಯ್ಕೆ: ಮೊದಲು ತಾಣ ಹುಡುಕಾಟ. ಪಟ್ಟಿ ಕೈಗೆ ಬಂದ ಮೇಲೆ, ವರ್ಷ ವರ್ಷ ನೋಡಬೇಕೆನಿಸಿದ ಮರಗಳ ಮೇಲೆ ಮಾತ್ರ ನೂರು ಮನೆಯ ಹಾಳೆ. ಹಗ್ಗದ ದೊಡ್ಡ ಚೌಕವನ್ನು ಪೂರ್ತಿ ಬಿಡಬಹುದು.

ಕಾಲದ ವಿಷಯದಲ್ಲಿ ಜುಲೈ ಎಲ್ಲರೂ ಆರಿಸುವ ತಿಂಗಳು, ಹಸಿರು ಉಕ್ಕುತ್ತಿರುತ್ತದೆ. ನಮ್ಮ ಮತ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ಗೆ. ಜುಲೈಯಲ್ಲಿ ಕಾಗದ ಒದ್ದೆ, ಲೆನ್ಸು ಮಂಜು, ತೋಡು ದಾಟಲಾಗದು, ಇಂಬಳದ ಕಾಟ ಬೇರೆ. ಹೆಚ್ಚಿನ ಹಾವಸೆಗಳ ಕೋಶ ಬಲಿಯುವುದು ಮಳೆ ಇಳಿದ ಮೇಲೆ, ಕೋಶವಿಲ್ಲದೆ ಎಷ್ಟೋ ಕುಲಗಳ ಜಾತಿ ಹೇಳಲಾಗದು. ಪಾರೆ ಹೊಂಡದ ಚಪ್ಪಟೆ ಲಿವರ್‌ವರ್ಟ್‌ಗಳಿಗಾಗಿ ಮಾತ್ರ ಮಳೆಗಾಲದಲ್ಲೇ ಒಮ್ಮೆ ಹೋಗಿಬರಬೇಕು. ಫೆಬ್ರವರಿಯಲ್ಲಿ ಹೋದರೆ ಸುರುಟಿಕೊಂಡ ಹಾವಸೆಗೆ ನೀರು ಸಿಂಪಡಿಸಿ ಎರಡು ನಿಮಿಷ ಕಾದರೆ ಬಿಚ್ಚಿಕೊಳ್ಳುತ್ತದೆ. ರಿಕ್ಸಿಯಾಕ್ಕೆ ಈ ಉಪಾಯ ನಡೆಯದು, ಆ ಹೊತ್ತಿಗೆ ಒಣಗದ್ದೆಯಲ್ಲಿ ಅದರ ಗುರುತೂ ಉಳಿದಿರುವುದಿಲ್ಲ.

ಕಾಗದದ ಪೊಟ್ಟಣವೋ ಪ್ಲಾಸ್ಟಿಕ್ ಚೀಲವೋ? ಹಾವಸೆಗೆ ಕಾಗದವೇ, ಚರ್ಚೆಯಿಲ್ಲ. ಎ4 ಹಾಳೆಯನ್ನು ಉದ್ದಕ್ಕೆ ಹಿಡಿದು ಕೆಳಗಿನ 12 ಸೆಂ.ಮೀ. ಮೇಲಕ್ಕೆ ಮಡಚಿ, ಎರಡೂ ಪಕ್ಕ 3.5 ಸೆಂ.ಮೀ. ಹಿಂದಕ್ಕೆ ಮಡಚಿ, ಮೇಲೆ ಉಳಿದದ್ದನ್ನು ಮುಚ್ಚಳದಂತೆ ಇಳಿಸಿದರೆ 14×12 ಸೆಂ.ಮೀ. ಪೊಟ್ಟಣ, ಅಂಟು ಬೇಡ. ಬರೆಯುವುದು ಪೆನ್ಸಿಲಿನಲ್ಲಿ, ಪೊಟ್ಟಣದ ಮೇಲೆಯೇ. ಒಳಗೆ ಹಾಕಿದ ಚೀಟಿ ಒದ್ದೆಯಾಗಿ ಮುದ್ದೆಯಾಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಹಸಿಯಾಗಿ ಇಟ್ಟರೆ ಕರಾವಳಿಯ ಸೆಕೆಗೆ ಒಂದೆರಡು ದಿನದಲ್ಲಿ ಬೂಷ್ಟು.

ಆದರೆ ಲಿವರ್‌ವರ್ಟ್‌ಗೆ ಎರಡೂ ಬೇಕು. ಅವುಗಳ ಜೀವಕೋಶದೊಳಗಿನ ಎಣ್ಣೆಕಾಯಗಳ (ಎಣ್ಣೆ ತುಂಬಿದ ಕಿರುಕಣಗಳ) ಸಂಖ್ಯೆ, ಆಕಾರ, ಬಣ್ಣ ಗುರುತಿಗೆ ಮುಖ್ಯ, ಒಣಗಿದರೆ ಅವು ಮಾಯ. ಅದಕ್ಕೆ ಬೆರಳುಗುರಿನಷ್ಟು ಭಾಗವನ್ನು ಗಾಳಿ ತುಂಬಿದ ಸಣ್ಣ ಜಿಪ್ ಚೀಲದಲ್ಲಿ ತಂಪಾಗಿಟ್ಟು, ಎರಡು ಮೂರು ದಿನದೊಳಗೆ ನೀರಿನ ಹನಿಯಲ್ಲಿ 400 ಪಟ್ಟು ಹಿಗ್ಗಿಸಿ ನೋಡಿ ಚಿತ್ರ ತೆಗೆಯಬೇಕು. ಉಳಿದದ್ದು ಕಾಗದಕ್ಕೆ. ಡುಮೊರ್ಟಿಯೆರಾದಂಥ ಅಗಲ ಹಾಳೆಯವು ಒಣಗಿದ ಮೇಲೆ ನೆನೆಸಿದರೂ ಮೊದಲಿನ ರೂಪಕ್ಕೆ ಬರುವುದಿಲ್ಲ. ಅವುಗಳ ಒಂದು ತುಂಡು 70% ಆಲ್ಕೋಹಾಲಿನಲ್ಲಿರಲಿ. ಬಣ್ಣ ಹೋಗುತ್ತದೆ, ಆಕಾರ ಉಳಿಯುತ್ತದೆ.

ಒಣಗಿಸಲು ಈ ಕಡೆ ಮೂರು ದಾರಿ ಕೈಗೆ ಸಿಗುತ್ತವೆ. ಒಲೆಯ ಮೇಲಿನ ಅಟ್ಟದಲ್ಲಿ ಮಸಿ ಕೂರುತ್ತದೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನಲ್ಲಿ ಬಿಸಿ ಅತಿಯಾಗಿ ಎಲೆ ಪುಡಿಯಾಗುತ್ತದೆ. ಪೊಟ್ಟಣದ ಬಾಯಿ ತೆರೆದು ಸಾಲಾಗಿ ನಿಲ್ಲಿಸಿ, ನಿಧಾನ ಫ್ಯಾನಿನಡಿ ಒಂದು ರಾತ್ರಿ, ತಿರುಗಿಸಿ ಇನ್ನೊಂದು ರಾತ್ರಿ: ಇದೇ ಉತ್ತಮ. ಗಿಡಗಳಿಗೆ ಮಾಡುವಂತೆ ಒತ್ತಿ ಒಣಗಿಸಲೇಬಾರದು, ಎಲೆಗಳ ಜೋಡಣೆ ಕೆಟ್ಟುಹೋಗುತ್ತದೆ.

ಲೆನ್ಸಿಗೆ ಬಂದರೆ, 10 ಪಟ್ಟಿನದು ಕುತ್ತಿಗೆಯಲ್ಲಿ, 20 ಪಟ್ಟಿನದು ಕಿಸೆಯಲ್ಲಿ. 10 ಪಟ್ಟಿನದನ್ನು ಸುಮಾರು 25 ಮಿ.ಮೀ. ದೂರದಲ್ಲಿ ಹಿಡಿದರೆ ಸಾಕು. 20 ಪಟ್ಟಿನದಕ್ಕೆ ಅದರ ಅರ್ಧ ದೂರ ಬೇಕು, ಶೋಲೆಯ ನೆರಳಲ್ಲಿ ಹಣೆದೀಪವಿಲ್ಲದೆ ಅದರಲ್ಲಿ ಕತ್ತಲೆಯೇ ಕಾಣುವುದು. ಫೋನಿನ ಚಿತ್ರ ಮಾದರಿಗೆ ಬದಲಿಯಲ್ಲ. ಫಿಸ್ಸಿಡೆನ್ಸ್‌ನ ಜಾತಿ ಎಲೆಯಂಚಿನ ಜೀವಕೋಶಗಳಲ್ಲಿದೆ, ಲೆಜೂನಿಯಾದ್ದು ಹೊಟ್ಟೆಯ ಕಡೆಯ ಕಿರುಎಲೆಯಲ್ಲಿದೆ. ಮೇಲಿಂದ ತೆಗೆದ ಚಿತ್ರಕ್ಕೆ ಎರಡೂ ಸಿಕ್ಕುವುದಿಲ್ಲ. ಫೋನನ್ನು ತಾಣ ತೋರಿಸಲು, ಸ್ಥಳಾಂಕ ಬರೆದುಕೊಳ್ಳಲು ಬಳಸಿ. ದಟ್ಟ ಮರಗಳಡಿ ಸ್ಥಳಾಂಕ ಹತ್ತಾರು ಮೀಟರ್ ತಪ್ಪಬಹುದು. ಹತ್ತಿರದ ಗುರುತನ್ನೂ ಮಾತಿನಲ್ಲಿ ಬರೆಯಿರಿ.

ಅರಣ್ಯದಲ್ಲಿ ಮಾದರಿ ತೆಗೆಯಲು ಕೇರಳ ಅರಣ್ಯ ಇಲಾಖೆಯ ಅನುಮತಿ ಬೇಕು, ಚಾರಣದ ಟಿಕೆಟು ಅದಕ್ಕೆ ಸಾಲದು. ನಾಗಬನಗಳಲ್ಲಿ ಮನೆತನದ ಹಿರಿಯರನ್ನು ಕೇಳಿ, ಕಲ್ಲಿನ ಮೇಲಿನದ್ದನ್ನು ಮುಟ್ಟದೆ ಹೊರಸುತ್ತಿನ ಮರಗಳಿಗೇ ನಿಲ್ಲಿ. ಎಲ್ಲೇ ಆದರೂ ದಿಂಡು ಅಂಗೈಗಿಂತ ಸಣ್ಣದಿದ್ದರೆ ಚಿತ್ರ ಮತ್ತು ಒಂದೆರಡು ಎಳೆ ಸಾಕು.

ಇನ್ನು ತೋಟಗಳ ಅಂಕಿಗಳನ್ನು ಕಾಡಿನ ಅಂಕಿಗಳ ಪಕ್ಕ ಇಡುವವರಿಗೆ ಒಂದು ಎಚ್ಚರಿಕೆ. ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ 1% ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಗೊನೆಯಿಂದ ಕಾಂಡಕ್ಕೂ ಸೋರುತ್ತದೆ. ತಾಮ್ರ ಹಾವಸೆಗೆ ವಿಷ. ಅಡಿಕೆ ಕಾಂಡ ಬೋಳಾಗಿದ್ದರೆ ಅದನ್ನು ನೆರಳು ತೇವಾಂಶಗಳ ಲೆಕ್ಕಕ್ಕೆ ಹಾಕುವ ಮೊದಲು, ಮದ್ದು ಹೊಡೆದದ್ದು ಯಾವಾಗ, ಎಷ್ಟು ಸಲ ಎಂದು ತೋಟದವರನ್ನು ಕೇಳಿ ಪೊಟ್ಟಣದ ಮೇಲೆ ಬರೆದುಕೊಳ್ಳಿ.