ಅಪ್ಪನ ಕೈಗೆ ಲೊಕೇಶನ್ ವಾಚ್: ಪೆರ್ಲದ ತೋಟದಲ್ಲಿ ನಾಲ್ಕು ತಿಂಗಳು

ಅಪ್ಪನಿಗೆ 74. ಬೆಳಗ್ಗೆ ಗುಡ್ಡದ ಬುಡದಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗಕ್ಕೆ ಹೋಗಿ ನೀರು ಸರಿಯಾಗಿ ಇಳಿಯುತ್ತಿದೆಯಾ ಅಂತ ನೋಡದಿದ್ದರೆ ಅವರಿಗೆ ದಿನ ಶುರುವಾಗುವುದಿಲ್ಲ. ಕಳೆದ ಮಳೆಗಾಲ ಅಲ್ಲೇ ಜಾರಿ ಬಿದ್ದಿದ್ದರು, ನಾವು ಒಂದು ಗಂಟೆ ತೋಟವೆಲ್ಲ ಕೂಗುತ್ತಾ ಹುಡುಕಿದೆವು. ಆಮೇಲೆ ತಂದದ್ದು ಈ ವಾಚ್. 4ಜಿ ಸಿಮ್ ಹಾಕುವಂಥದ್ದು, 4,500 ರೂಪಾಯಿ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಮಾತು ಸ್ಪಷ್ಟವಾಗಿ ಕೇಳುತ್ತದೆ, ಎಸ್ಒಎಸ್ ಬಟನ್ ದೊಡ್ಡದಾಗಿದೆ, ಒದ್ದೆ ಕೈಯಲ್ಲೂ ಒತ್ತಬಹುದು. ಚಾರ್ಜು ಎರಡು ದಿನ ಬರುತ್ತದೆ. ಅಂಗಳದಲ್ಲಿದ್ದರೆ ಮ್ಯಾಪಿನ ಚುಕ್ಕಿ ಹತ್ತು ಹೆಜ್ಜೆಯೊಳಗೇ ಇರುತ್ತದೆ.

ಆದರೆ ನಾವು ಇದನ್ನು ತಂದದ್ದು ಅಂಗಳಕ್ಕಲ್ಲವಲ್ಲ. ಎರಡನೇ ವಾರ ಒಂದು ಸಂಜೆ ಆ್ಯಪ್ ತೆರೆದರೆ ಅಪ್ಪ ಕೇರಳದ ಗಡಿ, ಸಾರಡ್ಕ ದಾಟಿ ಕರ್ನಾಟಕದ ವಿಟ್ಲದ ಕಡೆ ಇದ್ದಾರೆ ಅಂತ ತೋರಿಸಿತು. ಫೋನ್ ಮಾಡಿದರೆ ಹೋಗುತ್ತಿಲ್ಲ. ತಮ್ಮ ಜೀಪು ಹೊರಡಿಸಿಯೇ ಬಿಟ್ಟ. ಅಷ್ಟರಲ್ಲಿ ಅಪ್ಪ ಹಾರೆ ಹಿಡಿದುಕೊಂಡು ಸುರಂಗದ ಕಡೆಯಿಂದ ಮೇಲೆ ಬಂದರು. ಅರ್ಧ ಗಂಟೆ ಅಲ್ಲೇ ಮಣ್ಣು ಎಳೆಯುತ್ತಿದ್ದರಂತೆ.

ಆಮೇಲೆ ಗಮನಿಸಿದೆ, ಚುಕ್ಕಿಯ ಪಕ್ಕದ ಉಪಗ್ರಹದ ಚಿತ್ರ ಹೋಗಿ ಟವರಿನ ಚಿತ್ರ ಬಂದಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ ಎಲ್‌ಬಿಎಸ್ ಅಂತಿತ್ತು, ಅಂದರೆ ಮೊಬೈಲ್ ಟವರ್ ನೋಡಿ ಹೇಳಿದ ಜಾಗ. ಜಿಪಿಎಸ್‌ಗೆ ಕನಿಷ್ಠ ನಾಲ್ಕು ಉಪಗ್ರಹ ಸಿಗಬೇಕು. ಅವು ಇರುವುದು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ, ಸಿಗ್ನಲ್ ಬಹಳ ಸಣ್ಣ. ಎರಡು ಬದಿ ಗುಡ್ಡ, ಮೇಲೆ ಅಡಿಕೆ ಸೋಗೆ, ನಡುವೆ ಒಂದು ಪಟ್ಟಿ ಆಕಾಶ ಮಾತ್ರ ಇರುವಲ್ಲಿ ಅದು ಸಿಗದೇ ಹೋಗುವುದು ಸಹಜ. ಆಗ ವಾಚು ತಾನು ಯಾವ ಟವರಿಗೆ ಅಂಟಿಕೊಂಡಿದೆಯೋ ಅದರ ನಂಬರು ಮಾತ್ರ ಕಳಿಸುತ್ತದೆ, ಆ್ಯಪು ಆ ಟವರಿನ ಹತ್ತಿರ ಎಲ್ಲೋ ಚುಕ್ಕಿ ಇಡುತ್ತದೆ. ನಮ್ಮ ಟವರು ಗುಡ್ಡದ ಹಿಂದೆ. ಎದುರಿಗೆ ಕಾಣುವುದು ಗಡಿಯಾಚೆಯದ್ದು. ಚಾವಡಿಯಲ್ಲಿ ಕೂತಿದ್ದರೂ ಕರ್ನಾಟಕಕ್ಕೆ ಸ್ವಾಗತ ಅಂತ ಮೆಸೇಜ್ ಬರುವ ಮನೆಗಳು ಈ ಕಡೆ ಎಷ್ಟಿಲ್ಲ?

ಅಂದಿನಿಂದ ಈ ವಿಷಯ ಹುಡುಕಿ ಓದುತ್ತಿದ್ದೇನೆ. ಟವರುಗಳಿಂದಲೇ ಚೆನ್ನಾಗಿ ಜಾಗ ಹಿಡಿಯಬಹುದು, ಆದರೆ ಒಂದು ಟವರಿನಿಂದ ಆಗುವ ಕೆಲಸ ಅಲ್ಲ. ಮೂರು ನಾಲ್ಕು ಟವರುಗಳ ಸಿಗ್ನಲ್ ಯಾವಾಗ ತಲುಪಿತು ಅಂತ ಅಳೆಯಬೇಕು. ರೇಡಿಯೋ ಅಲೆ ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಹೋಗುತ್ತದೆ, ಹಾಗಾಗಿ ಟವರುಗಳ ಗಡಿಯಾರ ಅಷ್ಟು ತಪ್ಪಿದರೂ ಲೆಕ್ಕ ನಮ್ಮ ತೋಟ ದಾಟಿ ಹೋಗುತ್ತದೆ. 5ಜಿ ತಂತ್ರಜ್ಞಾನದ ನಿಯಮಾವಳಿಯಲ್ಲಿ, 2020ರಲ್ಲಿ ಮುಗಿದ ರಿಲೀಸ್ 16 ಎಂಬ ಆವೃತ್ತಿಯಲ್ಲಿ ಇದಕ್ಕೆ ಸರಿಯಾದ ಏರ್ಪಾಡಿದೆ. ಎಲ್‌ಎಮ್‌ಎಫ್ ಅಂತ ಒಂದು ಸರ್ವರ್ ನೆಟ್‌ವರ್ಕಿನ ಒಳಗೆ ಕೂತು ಟವರುಗಳ ಹತ್ತಿರವೂ ಫೋನಿನ ಹತ್ತಿರವೂ ಮಾತಾಡಿ, ಯಾರ ಅಳತೆ ಸಿಗ್ನಲ್ ಯಾವ ಹೊತ್ತಿಗೆ, ಯಾರು ಕೇಳಬೇಕು ಅಂತ ಹೊಂದಿಸುತ್ತದೆ. ಆ ಸಿಗ್ನಲ್‌ಗೆ ಪಿಆರ್‌ಎಸ್ ಅನ್ನುತ್ತಾರೆ. ದೂರದ ಟವರಿನ ಸರದಿ ಬಂದಾಗ ಹತ್ತಿರದ್ದನ್ನು ಸುಮ್ಮನಿರಿಸಬಹುದು. ಪಕ್ಕದಲ್ಲೇ ಚೆಂಡೆ ಬಾರಿಸುತ್ತಿದ್ದರೆ ಆಚೆ ಗುಡ್ಡೆಯ ತಾಳ ಕೇಳುತ್ತದಾ?

ಫೋನಿಗೂ ಪುರುಸೊತ್ತು ಬೇಕು. ಎಷ್ಟೋ ಸಲ ಅದು ತನ್ನ ಟವರಿನ ಮಾತು ಕೆಲವು ಮಿಲಿಸೆಕೆಂಡು ಬಿಟ್ಟು ಬೇರೆಯವಕ್ಕೆ ಕಿವಿ ಕೊಡಬೇಕಾಗುತ್ತದೆ. ಇದಕ್ಕೆ ಮೆಷರ್‌ಮೆಂಟ್ ಗ್ಯಾಪ್ ಅಂತ ಹೆಸರು, ಅದನ್ನು ತನ್ನ ಟವರಿನ ಹತ್ತಿರವೇ ಕೇಳಿ ಪಡೆಯಬೇಕು. ಆ ಬಿಡುವೂ ಪಿಆರ್‌ಎಸ್ ಬರುವ ಹೊತ್ತೂ ಒಂದಕ್ಕೊಂದು ಕೂಡಿ ಬರದಿದ್ದರೆ ಅಳತೆಯೇ ಇಲ್ಲ. ಮಲ್ಟಿ ಆರ್‌ಟಿಟಿ ಅಂತ ಇನ್ನೊಂದು ದಾರಿಯಿದೆ, ಅದರಲ್ಲಿ ಹೋಗಿ ಬರುವ ಸಮಯ ಎರಡೂ ಕಡೆ ಅಳೆಯುವುದರಿಂದ ಟವರುಗಳ ಗಡಿಯಾರ ಅಷ್ಟು ಕರಾರುವಾಕ್ಕಾಗಿ ಹೊಂದಬೇಕಿಲ್ಲ. ನನಗೆ ಬಹಳ ಇಷ್ಟವಾದದ್ದು ಇದೇ.

ಈ ವಾಚಿನಲ್ಲಿ ಇದ್ಯಾವುದೂ ಇಲ್ಲ. ಇದ್ದರೂ ನಮ್ಮ ಕಣಿವೆಯಲ್ಲಿ ಕೇಳುವುದು ಒಂದೋ ಎರಡೋ ಟವರು, ಅದರಲ್ಲಿ ಎಷ್ಟು ಚೆನ್ನಾಗಿ ಹೊಂದಿಸಿದರೂ ಮೂರನೆಯ ಅಳತೆ ಎಲ್ಲಿಂದ ತರುವುದು? ನನ್ನ ಸಿಟ್ಟು ಬೇರೆ. ಡಬ್ಬಿಯ ಮೇಲೆ 5 ಮೀಟರ್ ನಿಖರತೆ ಅಂತ ದೊಡ್ಡದಾಗಿ ಬರೆದವರು, ಅದು ತೆರೆದ ಆಕಾಶದ ಕೆಳಗೆ ಮಾತ್ರ ಅಂತ ಎಲ್ಲೂ ಬರೆದಿಲ್ಲ. ಸಹಾಯವಾಣಿಗೆ ಮೂರು ಸಲ ಮಾಡಿದೆ, ಮೂರು ಸಲವೂ ಆಫ್ ಮಾಡಿ ಆನ್ ಮಾಡಿ ಅಂದರು. ವಯಸ್ಸಾದವರಿಗಾಗಿ ಮಾರುವ ವಸ್ತುವಿನಲ್ಲಿ ಇದು ಸರಿಯಲ್ಲ.

ನಾವು ಮಾಡಿಕೊಂಡದ್ದು ಹೀಗೆ. ಪಂಪ್ ಶೆಡ್ಡಿನಲ್ಲಿ ಹಳೆಯ ವೈಫೈ ರೂಟರ್ ಇಟ್ಟೆವು, ಯಾಕೆಂದರೆ ವಾಚು ಸುತ್ತಲಿನ ವೈಫೈ ನೋಡಿಯೂ ಜಾಗ ಹೇಳುತ್ತದೆ. ಆ ರೂಟರಿನ ಜಾಗ ಮ್ಯಾಪಿನ ಲೆಕ್ಕಕ್ಕೆ ಬರಲು ಮೂರು ವಾರ ಹಿಡಿಯಿತು, ಈಗ ಕೆಳತೋಟದಲ್ಲಿ ಚುಕ್ಕಿ ಸರಿಯಾಗಿರುತ್ತದೆ. ಟವರಿನ ಚಿತ್ರ ಇದ್ದರೆ ಆ ಚುಕ್ಕಿ ನಂಬಬೇಡಿ, ಅದಕ್ಕಿಂತ ಹಿಂದಿನ ಉಪಗ್ರಹದ ಚುಕ್ಕಿಯ ಸಮಯ ನೋಡಿ ಅಂತ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.

ಕುಂಬಳೆ, ಕಾಸರಗೋಡು ಪೇಟೆ, ಕಡಲ ಬದಿಯ ಬಯಲು ಜಾಗದವರು ಧೈರ್ಯವಾಗಿ ತಗೊಳ್ಳಬಹುದು. ಎಣ್ಮಕಜೆ, ಪೈವಳಿಕೆ ಕಡೆಯ ಗುಡ್ಡದವರು ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ತೋಟದ ಅತ್ಯಂತ ತಗ್ಗಿನ ಮೂಲೆಗೆ ಹೋಗಿ ನೋಡಿ. ಐದಕ್ಕೆ ಮೂರು ಕೊಡುತ್ತೇನೆ, ಅದರಲ್ಲಿ ಒಂದು ಆ ದೊಡ್ಡ ಬಟನ್ನಿಗೆ. ಅಪ್ಪ ಈಗ ಸುರಂಗಕ್ಕೆ ಇಳಿಯುವ ಮೊದಲು ಆಕಾಶ ಕಾಣುವ ಮುರಕಲ್ಲಿನ ಮೇಲೆ ಎರಡು ನಿಮಿಷ ಕೂರುತ್ತಾರೆ, ಉಪಗ್ರಹದ ಚುಕ್ಕಿ ಬಿದ್ದ ಮೇಲೆ ನಾನು ಫೋನ್ ಮಾಡಿ ಹೂಂ ಅನ್ನುತ್ತೇನೆ.