ಪಾಲಿಕೆಯೋ, ಕೇಂದ್ರವೋ: ಸಂಬಳ ಏರುವುದು ಹೇಗೆ?
ಪುಣೆಯಲ್ಲಿ ಬೆಳೆದ ನಮ್ಮ ಕನ್ನಡದ ಹುಡುಗರು ನಗರ ಪಾಲಿಕೆ, ಕೇಂದ್ರ ಸರ್ಕಾರ ಎರಡೂ ಕಡೆ ಕೆಲಸಕ್ಕೆ ಅರ್ಜಿ ಹಾಕುತ್ತಾರೆ. ಕೇಂದ್ರದ ಲೆಕ್ಕ ಸರಳ. 7ನೇ ವೇತನ ಆಯೋಗ 2016ರ ಜನವರಿಯಿಂದ ಅನ್ವಯ, ಕನಿಷ್ಠ ಮೂಲ ವೇತನ 18,000 ರೂಪಾಯಿ, ವರ್ಷಕ್ಕೆರಡು ಸಲ ತುಟ್ಟಿಭತ್ಯೆ ಪರಿಷ್ಕರಣೆ.

ಪಾಲಿಕೆಯದ್ದು ಸುತ್ತುದಾರಿ. ಮೊದಲು ರಾಜ್ಯ ಒಪ್ಪಬೇಕು. ಮಹಾರಾಷ್ಟ್ರ 7ನೇ ವೇತನ ಆಯೋಗವನ್ನು ಜಾರಿಗೆ ತಂದದ್ದು 2019ರಲ್ಲಿ, ಅದೂ ಕನಿಷ್ಠ ಮೂಲ ವೇತನ 15,000. ಆಮೇಲೆ ಪಾಲಿಕೆಯ ಸಾಮಾನ್ಯ ಸಭೆಯಲ್ಲಿ ಠರಾವು, ಮತ್ತೆ ನಗರಾಭಿವೃದ್ಧಿ ಇಲಾಖೆಯ ಮಂಜೂರಾತಿ. ಪುಣೆ ಪಾಲಿಕೆಯವರು 2021ರವರೆಗೆ ಕಾದರು. (ಆಯುಕ್ತರು ಐಎಎಸ್, ಅವರ ಸಂಬಳ ಬೇರೆ ಪಟ್ಟಿ. ಅವರಿಗೇನು ಅವಸರ, ಅಲ್ವಾ?)

ಆದರೆ ಕೇಂದ್ರದ ಕೆಲಸದಲ್ಲಿ ವರ್ಗ ಗುವಾಹಟಿಗೂ ಆಗಬಹುದು. ಪಾಲಿಕೆಯಲ್ಲಿ ಜಾಸ್ತಿ ಅಂದ್ರೆ ಕೋಥ್ರೂಡ್‌ನಿಂದ ಹಡಪ್ಸರ್‌ಗೆ. ಮನೆ ಬಿಡಲಾಗದವರು ಪಾಲಿಕೆಗೇ ಹಾಕಿ, ಮರಾಠಿ ಚೆನ್ನಾಗಿ ಓದಿಕೊಂಡು.