ತೋಟದ ಜೀವಿಗಳ ದಾಖಲೆಗೆ ಇ-ಬರ್ಡ್ ಬೇಕಾ, ಐ-ನ್ಯಾಚುರಲಿಸ್ಟ್ ಬೇಕಾ?

ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ದಿನಾ ಓಡಾಡುವವರು ಕಾಣುವಷ್ಟನ್ನು ಯಾವಾಗಲೋ ಒಮ್ಮೆ ಬರುವ ವಿಜ್ಞಾನಿ ಕಾಣಲಾರರು. ಹಾಗಾಗಿ ನಿಮ್ಮ ದಾಖಲೆಗೆ ಬೆಲೆ ಜಾಸ್ತಿ. ಎರಡು ಆ್ಯಪ್‌ಗಳಿವೆ, ಎರಡೂ ಉಚಿತ.

ಇ-ಬರ್ಡ್ ಹಕ್ಕಿಗಳಿಗೆ ಮಾತ್ರ. 2002ರಲ್ಲಿ ಶುರುವಾಯಿತು. ಫೋಟೊ ಬೇಕಿಲ್ಲ, ಆದರೆ ಹಕ್ಕಿಯ ಗುರುತು ನಿಮಗೇ ಇರಬೇಕು. ಬೆಳಿಗ್ಗೆ ಕಣದ ಹತ್ತಿರ 15 ನಿಮಿಷ ನಿಂತು ಎಣಿಸಿ: ಪಿಕಳಾರ 6, ಮಡಿವಾಳ 2, ಸಿಲ್ವರ್ ಮರದಲ್ಲಿ ಒಂದೇ ಸಮ ಕೂಗುವ ಕುಟ್ರುಹಕ್ಕಿ 1. ಕಂಡದ್ದು, ಕೇಳಿದ್ದು, ಗುರುತಿಸಿದ್ದೆಲ್ಲ ಬರೆದಿದ್ದೇನೆ ಎಂದು ಒತ್ತಿದರೆ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ಆಗ ಸಿಗಲಿಲ್ಲ ಎಂಬುದೂ ಮಾಹಿತಿಯಾಗುತ್ತದೆ. ನನಗೆ ಇದೇ ಇದರ ದೊಡ್ಡ ಬಲ ಅನಿಸುತ್ತದೆ. ಯಾವ ಹಕ್ಕಿ ಕಡಿಮೆಯಾಗುತ್ತಿದೆ ಎಂದು ತಿಳಿಯುವುದು ಹೀಗೇ ಅಲ್ವಾ? ಭಾರತದ ಹಕ್ಕಿಗಳ ಸ್ಥಿತಿಗತಿ ಹೇಳುವ 2020 ಮತ್ತು 2023ರ ವರದಿಗಳು ಇಂಥ ಪಟ್ಟಿಗಳಿಂದಲೇ ಆದವು.

ಐ-ನ್ಯಾಚುರಲಿಸ್ಟ್ 2008ರದ್ದು. ಕಪ್ಪೆ, ಅಣಬೆ, ಪತಂಗ, ಕಳೆಗಿಡ ಎಲ್ಲ ನಡೆಯುತ್ತದೆ. ಹೆಸರು ಗೊತ್ತಿಲ್ಲದಿದ್ದರೂ ಫೋಟೊ ಹಾಕಿ. ಆ್ಯಪ್ ಒಂದು ಹೆಸರು ಸೂಚಿಸುತ್ತದೆ, ಬೇರೆಯವರು ನೋಡಿ ಒಪ್ಪುತ್ತಾರೆ ಅಥವಾ ತಿದ್ದುತ್ತಾರೆ. ಒಂದು ಎಚ್ಚರ: ಅಪಾಯದಲ್ಲಿರುವ ಜೀವಿಗಳ ಜಾಗವನ್ನು ಆ್ಯಪ್ ತಾನೇ ಮಸುಕು ಮಾಡುತ್ತದೆ, ಅಂದರೆ ನಿಖರ ಜಾಗ ಬೇರೆಯವರಿಗೆ ಕಾಣದಂತೆ ಮಾಡುತ್ತದೆ; ಮನೆ ಅಂಗಳದ ಫೋಟೊ ಆದರೆ ಜಾಗವನ್ನು ನೀವೇ ಮಸುಕು ಮಾಡಬೇಕು.

ಸಿಗ್ನಲ್ ಇಲ್ಲದ ಕಡೆ ಎರಡರಲ್ಲೂ ಬರೆದಿಟ್ಟು ಆಮೇಲೆ ಕಳಿಸಬಹುದು.

ಹತ್ತಿಪ್ಪತ್ತು ಹಕ್ಕಿಗಳ ಗುರುತಿದ್ದರೆ ಇ-ಬರ್ಡ್‌ನಲ್ಲೇ ಶುರು ಮಾಡಿ. ಮಕ್ಕಳನ್ನು ಕರೆದುಕೊಂಡು ಸುಮ್ನೆ ತೋಟ ಸುತ್ತುವವರಿಗೆ ಐ-ನ್ಯಾಚುರಲಿಸ್ಟ್ ಸಾಕು.